ಕಾಗುಣಿತ ಹಾಡಿ ವಾಯ್ಸ್‌ಬ್ಯಾಂಕ್ ಮಾಡಿ: ಕೊಡಗಿನ ಮನೆಯಲ್ಲೇ ಕನ್ನಡ ದನಿ ರೆಕಾರ್ಡ್ ಮಾಡುವ ಬಗೆ

ಮೊದಲು ಮಳೆಗಾಲ ಮುಗಿಯಲಿ, ಆಮೇಲೆ ಮೈಕ್ ಹೊರಗೆ ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೆ, ಜಿಂಕ್ ಶೀಟಿನ ಮೇಲೆ ಸುರಿಯುವ ಮಳೆಯ ಸದ್ದನ್ನು ಯಾವ ಸಾಫ್ಟ್‌ವೇರ್ ಕೂಡ ಸರಿಯಾಗಿ ತೆಗೆದುಕೊಡುವುದಿಲ್ಲ. ಹಾಗಂತ ನಾಲ್ಕು ತಿಂಗಳು ಸುಮ್ನೆ ಕೂರಬೇಕಿಲ್ಲ. ಪಟ್ಟಿ ಬರೆಯುವುದು, ಸಾಫ್ಟ್‌ವೇರ್ ಕಲಿಯುವುದು, ಬೇರೆಯವರ ವಾಯ್ಸ್‌ಬ್ಯಾಂಕ್ ಬಿಚ್ಚಿ ಒಳಗೆ ಏನಿದೆ ಅಂತ ನೋಡುವುದು, ಇದೆಲ್ಲಕ್ಕೂ ಮಳೆಗಾಲವೇ ಸರಿ. ಕರೆಂಟ್ ಇದ್ದರೆ.

ವಾಯ್ಸ್‌ಬ್ಯಾಂಕ್ ಅಂದರೆ ನಿಮ್ಮ ದನಿಯ ತುಣುಕುಗಳ ಒಂದು ಫೋಲ್ಡರ್, ಅಷ್ಟೇ. ಕ, ಕಾ, ಕಿ ಅಂತ ನೀವು ಒಂದೇ ಶ್ರುತಿಯಲ್ಲಿ ಹಾಡಿಟ್ಟಿರುತ್ತೀರಿ. ಸಾಫ್ಟ್‌ವೇರ್ ಆ ತುಣುಕುಗಳನ್ನು ಬೇಕಾದ ಸ್ವರಕ್ಕೆ ಏರಿಸಿ, ಇಳಿಸಿ, ಎಳೆದು, ಒಂದಕ್ಕೊಂದು ಜೋಡಿಸಿ ಹಾಡಾಗಿಸುತ್ತದೆ. ಯಮಹಾದವರ ವೋಕಲಾಯ್ಡ್ ಎಂಬ ಹಾಡಿಸುವ ಸಾಫ್ಟ್‌ವೇರ್‌ನ ದನಿಗಳು 2004ರಿಂದ ಮಾರಾಟಕ್ಕಿವೆ, ಅದರಲ್ಲಿ 2007ರಲ್ಲಿ ಬಂದ ಹಾತ್ಸುನೆ ಮಿಕು ಎಂಬ ದನಿಯ ಹೆಸರು ನೀವೂ ಕೇಳಿರುತ್ತೀರಿ. ಆದರೆ ನಮ್ಮ ನಿಮ್ಮಂಥವರು ಮನೆಯಲ್ಲೇ ಸ್ವಂತ ದನಿ ಸೇರಿಸಬಹುದು ಅಂತಾಗಿದ್ದು 2008ರಲ್ಲಿ ಜಪಾನಿನಿಂದ ಬಂದ ಉಟಾವು ಎಂಬ ಸಾಫ್ಟ್‌ವೇರ್‌ನಿಂದ. ಈಗ ಶುರು ಮಾಡುವವರಿಗೆ ನಾನು ಓಪನ್‌ಉಟಾವು ಹಾಕಿಕೊಳ್ಳಿ ಅಂತಲೇ ಹೇಳುತ್ತೇನೆ. ಉಚಿತ, ಓಪನ್ ಸೋರ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಹಳೆಯದಕ್ಕೆ ಬೇಕಾಗುತ್ತಿದ್ದ ಹಾಗೆ ಕಂಪ್ಯೂಟರನ್ನು ಜಪಾನಿ ಭಾಷೆಗೆ ಬದಲಾಯಿಸುವ ರಗಳೆ ಇಲ್ಲ. ಡಿಫ್‌ಸಿಂಗರ್ ತರಹದ ಎಐ ದನಿಗಳೂ ಇದರಲ್ಲಿ ಹಾಡುತ್ತವೆ, ಆದರೆ ಅದಕ್ಕೆ ಗಂಟೆಗಟ್ಟಲೆ ಹಾಡಿದ ರೆಕಾರ್ಡಿಂಗ್ ಬೇಕು, ಅಕ್ಷರ ಅಕ್ಷರಕ್ಕೂ ಗುರುತು ಹಾಕಬೇಕು, ಒಳ್ಳೆಯ ಗ್ರಾಫಿಕ್ಸ್ ಕಾರ್ಡೂ ಬೇಕು. ಇಲ್ಲಿ ಆ ದಾರಿ ಬೇಡ.

ಜಪಾನಿ ಪಟ್ಟಿಯನ್ನು ಎರವಲು ತರಬೇಡಿ

ಏನೇನು ಹಾಡಬೇಕು ಎಂಬ ಪಟ್ಟಿಗೆ ರೆಕ್‌ಲಿಸ್ಟ್ ಅನ್ನುತ್ತಾರೆ. ನೆಟ್ಟಿನಲ್ಲಿ ಸಿಗುವ ರೆಕ್‌ಲಿಸ್ಟ್‌ಗಳಲ್ಲಿ ಜಪಾನಿ ಭಾಷೆಯವೇ ಜಾಸ್ತಿ. ಅದನ್ನೇ ಹಾಡಿ, ಅದರಲ್ಲಿ ಕನ್ನಡ ಹಾಡು ಹಾಡಿಸಲು ಹೊರಟರೆ ಏನಾಗುತ್ತದೆ ಗೊತ್ತಾ? ರ ಮತ್ತು ಲ ಎರಡೂ ಒಂದೇ ಆಗುತ್ತವೆ, ಯಾಕಂದರೆ ಜಪಾನಿಯಲ್ಲಿ ಆ ವ್ಯತ್ಯಾಸವೇ ಇಲ್ಲ. ಟ, ಡ, ಣ, ಳ ಅಂತೂ ಪಟ್ಟಿಯಲ್ಲೇ ಇರುವುದಿಲ್ಲ.

ಇನ್ನೊಂದು ಸಮಸ್ಯೆ ಇದಕ್ಕಿಂತ ದೊಡ್ಡದು. ಜಪಾನಿಗೆ ತುಂಬಾ ಸರಳವಾದ ಪಟ್ಟಿ ಅಂದರೆ ಸಿವಿ. ವ್ಯಂಜನ ಮತ್ತು ಸ್ವರ ಸೇರಿದ ಬಿಡಿ ಬಿಡಿ ಅಕ್ಷರಗಳು. ಕನ್ನಡಕ್ಕೂ ಅಷ್ಟೇ ಸಾಕು ಅಂತ ಅನ್ನಿಸುತ್ತದೆ, ನಮ್ಮ ಲಿಪಿಯೇ ಹಾಗಿದೆ ಅಲ್ವಾ. ಆದರೆ ಸಾಕಾಗುವುದಿಲ್ಲ. 'ಮನೆ' ಅನ್ನಿ, 'ಮಣೆ' ಅನ್ನಿ. 'ಬಲೆ' ಅನ್ನಿ, 'ಬಳೆ' ಅನ್ನಿ. ನಾಲಿಗೆ ಹಿಂದಕ್ಕೆ ಮಡಿಚುವುದು ಮುಂಚಿನ ಅಕ್ಷರದ ಬಾಲದಲ್ಲೇ ಶುರುವಾಗುತ್ತದೆ, ಬ ಆದ ಮೇಲಿನ ಆ ಅಕಾರದ ಕೊನೆಯ ಬಣ್ಣವೇ ಬದಲಾಗುತ್ತದೆ. ನಾಲಿಗೆ ಬಿಡುವ ಹೊತ್ತಿಗೆ ಅದು ಮುಂದಕ್ಕೆ ಬಂದಿರುತ್ತದೆ, ಹಾಗಾಗಿ ಅಲ್ಲಿಂದಾಚೆಗಿನ ಲೆ ಮತ್ತು ಳೆ ಕಿವಿಗೆ ಹತ್ತಿರ ಹತ್ತಿರ. ಅಂದರೆ ನಮ್ಮ ಕಿವಿ ಳ ಅಂತ ಗುರುತು ಹಿಡಿಯುವುದು ಬಹುಪಾಲು ಅದರ ಹಿಂದಿನ ಸ್ವರದಿಂದ. ಬಿಡಿ ಅಕ್ಷರಗಳ ಬ್ಯಾಂಕಿನಲ್ಲಿ ಆ ಬಾಲವೇ ಕತ್ತರಿಸಿ ಹೋಗಿರುತ್ತದೆ. ಬಳೆ ಹಾಡಿಸಿದರೆ ಬಲೆ ಬರುತ್ತದೆ.

ಪರಿಹಾರ ಎರಡು. ಒಂದು ವಿಸಿವಿ: ಹಿಂದಿನ ಸ್ವರ, ವ್ಯಂಜನ, ಮುಂದಿನ ಸ್ವರ ಮೂರನ್ನೂ ಒಂದೇ ತುಣುಕಾಗಿ ಇಡುವುದು. ಎರಡನೆಯದು ಸಿವಿವಿಸಿ: 'ಳೆ' ಒಂದು ತುಣುಕು, 'ಅ ಳ್' ಇನ್ನೊಂದು ತುಣುಕು, ಹಾಡಿಸುವಾಗ ಎರಡನ್ನೂ ಜೋಡಿಸುವುದು. ಲೆಕ್ಕ ಹಾಕಿ ನೋಡಿ. 21 ವ್ಯಂಜನ, 6 ಸ್ವರ ಅಂತ ಇಟ್ಟುಕೊಂಡರೆ ವಿಸಿವಿಗೆ 6 × 21 × 6, ಅಂದರೆ 756 ತುಣುಕು. ಸಿವಿವಿಸಿಗೆ 126 + 126, ಒಟ್ಟು 252. ಕನ್ನಡಕ್ಕೆ ನನ್ನ ಓಟು ಸಿವಿವಿಸಿಗೆ.

21 ಸಾಲಿನ ಕನ್ನಡ ಪಟ್ಟಿ

ಸ್ವರ ಯಾಕೆ ಬರೀ ಆರು ಅಂದರೆ, ಹಾಡಿಸುವಾಗ ಉದ್ದವನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಕಿ ಮತ್ತು ಕೀ ನಡುವೆ ಮುಖ್ಯ ವ್ಯತ್ಯಾಸ ಉದ್ದದ್ದೇ, ಉ-ಊ, ಎ-ಏ, ಒ-ಓ ಕೂಡ ಹೆಚ್ಚು ಕಡಿಮೆ ಹಾಗೇ. ಒಂದು ರೆಕಾರ್ಡ್ ಮಾಡಿ, ಚಿಕ್ಕ ನೋಟ್ ಇಟ್ಟರೆ ಹ್ರಸ್ವ, ದೊಡ್ಡ ನೋಟ್ ಇಟ್ಟರೆ ದೀರ್ಘ. ಅ ಮತ್ತು ಆ ಮಾತ್ರ ಹಾಗಲ್ಲ, ಬಾಯಿ ತೆರೆಯುವ ಬಗೆಯೇ ಬೇರೆ, ಎರಡನ್ನೂ ಹಾಡಲೇಬೇಕು. ಐ, ಔ ಬೇಕಾದಾಗ ಅ ಪಕ್ಕ ಇ ಅಥವಾ ಉ ಇಟ್ಟು ಮಾಡಿಕೊಳ್ಳಬಹುದು.

ವ್ಯಂಜನಗಳು: ಕ ಗ ಚ ಜ ಟ ಡ ಣ ತ ದ ನ ಪ ಬ ಮ ಯ ರ ಲ ವ ಶ ಸ ಹ ಳ. ಮಹಾಪ್ರಾಣಗಳನ್ನು ಎರಡನೇ ಸುತ್ತಿಗೆ ಬಿಡಿ. ಷ ಬೇಕಾದರೆ ಶ ತುಣುಕಿಗೇ ಇನ್ನೊಂದು ಹೆಸರು ಕೊಡಬಹುದು, ಹೆಚ್ಚಿನವರು ಎರಡನ್ನೂ ಒಂದೇ ತರಹ ಉಚ್ಚರಿಸುತ್ತಾರೆ.

ಈಗ ಮಜಾ ನೋಡಿ. ಕಾಗುಣಿತವನ್ನು ಸ್ವಲ್ಪ ಚಿಕ್ಕದು ಮಾಡಿ ಹೀಗೆ ಹಾಡಿ:

ಕ – ಕಾ – ಕಿ – ಕು – ಕೆ – ಕೊ – ಕ

ಏಳು ಅಕ್ಷರ, ಒಂದೇ ಉಸಿರು. ಇದರಲ್ಲಿ ಆರೂ ಸಿವಿ ಬಂದವು. ಕ-ಕಾ ನಡುವೆ 'ಅ ಕ್' ಇದೆ, ಕಾ-ಕಿ ನಡುವೆ 'ಆ ಕ್' ಇದೆ, ಹೀಗೇ ಹೋಗಿ ಕೊನೆಯ ಕೊ-ಕ ನಡುವೆ 'ಒ ಕ್' ಸಿಗುತ್ತದೆ. ಆರೂ ವಿಸಿ, ಅಂದರೆ ಮೊದಲು ಸ್ವರ ಆಮೇಲೆ ವ್ಯಂಜನ ಇರುವ ತುಣುಕುಗಳು ಕೂಡ ಬಂದವು! ಕೊನೆಯ ಕ ಇರುವುದು ಅದಕ್ಕಾಗಿಯೇ, ಬಿಡಬೇಡಿ. ಹೀಗೆ 21 ವ್ಯಂಜನಕ್ಕೆ 21 ಸಾಲು. ಒಂದು ಸಾಲಿಗೆ ಒಂದು ವೇವ್ ಫೈಲ್.

ಣ ಮತ್ತು ಳ ಸಾಲುಗಳನ್ನು ಮಾತ್ರ ಮುಂದೆ ಅ ಸೇರಿಸಿ 'ಅಳ – ಳಾ – ಳಿ – ಳು – ಳೆ – ಳೊ – ಳ' ಅಂತ ಹಾಡಿ. ಕನ್ನಡದಲ್ಲಿ ಪದಗಳು ಈ ಎರಡರಿಂದ ಶುರುವಾಗುವುದಿಲ್ಲವಲ್ಲ, ಹಾಗಾಗಿ ನೇರವಾಗಿ ಳ ಅಂತ ಶುರು ಮಾಡಲು ಹೋದರೆ ನಾಲಿಗೆ ತಾನಾಗಿಯೇ ಲ ಕಡೆ ಜಾರುತ್ತದೆ.

ಇದರ ಜೊತೆ ಕೆಲವು ಬಿಡಿ ಫೈಲುಗಳು ಬೇಕು. ಆರು ಸ್ವರಗಳನ್ನು ಒಂದೊಂದಾಗಿ, ಮೂರ್ನಾಲ್ಕು ಸೆಕೆಂಡ್ ಎಳೆದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸಾಲುಗಳು. ಉಸಿರು ಎಳೆದುಕೊಳ್ಳುವ ಸದ್ದು ಎರಡು ಮೂರು ಬಗೆಯದ್ದು, ಇದನ್ನು ಹಾಡಿನ ನಡುವೆ ಇಟ್ಟರೆ ದನಿಗೆ ಜೀವ ಬರುತ್ತದೆ. ಆಮೇಲೆ ಒತ್ತಕ್ಷರದ ವಿಷಯ. ಅಕ್ಕ, ಹತ್ತು ಇವುಗಳಲ್ಲಿ ನಡುವೆ ಇರುವುದು ಮೌನ, ವಿಸಿ ತುಣುಕು ಹಾಕಿ ಚೂರು ಜಾಗ ಬಿಟ್ಟು ಸಿವಿ ಇಟ್ಟರೆ ಆಯಿತು. ಆದರೆ ಅಮ್ಮ, ಅಣ್ಣ, ಬೆಲ್ಲ, ಬೆಳ್ಳಿ ಇವುಗಳಲ್ಲಿ ವ್ಯಂಜನವೇ ಸ್ವರದ ಹಾಗೆ ಗುಂಯ್ ಅನ್ನುತ್ತಾ ನಿಲ್ಲುತ್ತದೆ. ಅದಕ್ಕೆ ಮ್, ನ್, ಣ್, ಲ್, ಳ್ ಇವನ್ನು ಬಾಯಿ ಹಾಗೇ ಹಿಡಿದು ಎರಡು ಸೆಕೆಂಡ್ ಎಳೆದು ರೆಕಾರ್ಡ್ ಮಾಡಿ. ಅನುಸ್ವಾರಕ್ಕೂ ಇದೇ ದಾರಿ: 'ಅಂಗಳ'ದ ಸೊನ್ನೆ, 'ಮಂಜು'ವಿನ ಸೊನ್ನೆ, 'ಅಂಟು', 'ಹಂದಿ', 'ಕಂಬ' ಎಲ್ಲವೂ ಬೇರೆ ಬೇರೆ ಸದ್ದು. ಕೊನೆಯ ಮೂರು ಈಗಾಗಲೇ ಎಳೆದಿಟ್ಟ ಣ್, ನ್, ಮ್ ಗಳೇ. ಙ್ ಮತ್ತು ಞ್ ಎರಡನ್ನು ಹೊಸದಾಗಿ ಸೇರಿಸಿ.

ಮನೆಮಾತು ಕೊಡವ ತಕ್ಕ್ ಆಗಿದ್ದರೆ ನಿಮಗೆ ಇನ್ನೊಂದು ಅವಕಾಶ ಇದೆ. ಕೊಡವದಲ್ಲಿ ಕನ್ನಡದಲ್ಲಿಲ್ಲದ ಎರಡು ನಡುಸ್ವರಗಳಿವೆ, ಇ ಮತ್ತು ಎ ಗಳನ್ನು ನಾಲಿಗೆ ಹಿಂದಕ್ಕೆಳೆದು ಹೇಳಿದ ಹಾಗೆ. ಸಾಲಿಗೆ ಅವೆರಡನ್ನೂ ಸೇರಿಸಿ ಒಂಬತ್ತು ಅಕ್ಷರ ಮಾಡಿದರೆ ಒಂದೇ ಬ್ಯಾಂಕಿನಲ್ಲಿ ಎರಡೂ ಭಾಷೆ ಹಾಡಿಸಬಹುದು. ಪುತ್ತರಿ (ಹುತ್ತರಿ) ಹಾಡು ಹಾಡಿಸಬೇಕು ಅಂತ ಆಸೆ ಇರುವವರು ಇದನ್ನು ಮೊದಲೇ ಯೋಚಿಸಿ. ಆಮೇಲೆ ಸೇರಿಸಲು ಹೋದರೆ ದನಿ ಅದೇ ಬಣ್ಣದಲ್ಲಿ ಸಿಗುವುದು ಕಷ್ಟ.

ಜಾಗ, ಹೊತ್ತು, ಮೈಕ್

ತೋಟದ ಮನೆ ಅಂದರೆ ನಿಶ್ಶಬ್ದ ಅಂತ ಪೇಟೆಯವರು ಅಂದುಕೊಳ್ಳುತ್ತಾರೆ. ಮೈಕ್ ಆನ್ ಮಾಡಿ ಹೆಡ್‌ಫೋನ್ ಹಾಕಿಕೊಂಡರೆ ಗೊತ್ತಾಗುತ್ತದೆ. ಸಂಜೆಯಾದರೆ ಜೀರುಂಡೆ. ಕಾಫಿ ಕುಯ್ಲಿನ ದಿನಗಳಲ್ಲಿ ಸಂಜೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ. ಫೆಬ್ರವರಿ ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸಲು ಸ್ಪ್ರಿಂಕ್ಲರ್ ಹಾಕಿದರೆ ಡೀಸೆಲ್ ಪಂಪ್ ಇಡೀ ದಿನ ಓಡುತ್ತದೆ. ರಾತ್ರಿ ಆನೆ ಬಂದರೆ ಪಟಾಕಿ. ಮಡಿಕೇರಿ ಪೇಟೆಯೊಳಗೆ ಇರುವವರು ದಸರಾ ಮಂಟಪಗಳು ಹೊರಡುವ ಸಮಯದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ನನ್ನ ಪ್ರಕಾರ ಒಳ್ಳೆಯ ಹೊತ್ತು ಡಿಸೆಂಬರ್ ಜನವರಿಯಲ್ಲಿ ಮಂಜು ಕರಗಿದ ಮೇಲೆ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ಊಟದವರೆಗೆ, ಕೆಲಸದವರೆಲ್ಲ ತೋಟದೊಳಗೆ ಇರುವಾಗ. ಕುಶಾಲನಗರದ ಕಡೆಯವರಿಗೆ ಮಳೆ ಕಡಿಮೆ, ಅವರು ಇಷ್ಟು ಕಾಯಬೇಕಿಲ್ಲ, ಪುಣ್ಯವಂತರು.

ರೂಮು ಚಿಕ್ಕದಿರಲಿ, ಸಾಮಾನು ತುಂಬಿರಲಿ. ಅಟ್ಟ ಬೇಡ, ಛಾವಣಿಗೆ ಹತ್ತಿರ ಇದ್ದಷ್ಟು ಸದ್ದು ಜಾಸ್ತಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಕಡೆ ಮುಖ ಮಾಡಿ ಹಾಡಿ, ಬೆನ್ನ ಹಿಂದೆ ಒಂದು ಹಾಸಿಗೆ ನಿಲ್ಲಿಸಿ, ಕಿಟಕಿಗೆ ದಪ್ಪ ಕಂಬಳಿ ಇಳಿಬಿಡಿ. ಗೋಣಿಚೀಲವೂ ಆಗುತ್ತದೆ, ಆದರೆ ಅದರ ಧೂಳಿಗೆ ಕೆಮ್ಮು ಶುರುವಾದರೆ ಆ ದಿನದ ಕೆಲಸ ಮುಗಿಯಿತು. ಫ್ರಿಜ್, ಫ್ಯಾನ್, ಯುಪಿಎಸ್ ಆಫ್ ಮಾಡಿ, ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಅರ್ಥಿಂಗ್ ಸರಿಯಿಲ್ಲದ ಹಳೇ ಮನೆಗಳಲ್ಲಿ 50 ಹರ್ಟ್ಜ್‌ನ ಗುಂಯ್ ಸದ್ದು ಬರುವುದು ಅಲ್ಲಿಂದಲೇ.

ಸಾಧಾರಣ ಯುಎಸ್‌ಬಿ ಕಂಡೆನ್ಸರ್ ಮೈಕ್ ಧಾರಾಳ ಸಾಕು. ಮೊಬೈಲಿನಲ್ಲೂ ಮಾಡಬಹುದು, ಆದರೆ ಆ್ಯಪ್ ವೇವ್ ಫೈಲ್ ಕೊಡುವಂಥದ್ದಿರಬೇಕು, ನಾಯ್ಸ್ ಕ್ಯಾನ್ಸಲಿಂಗ್ ಆಫ್ ಇರಬೇಕು. ಬಾಯಿಂದ ಒಂದು ಗೇಣು ದೂರ ಮೈಕ್ ಇಡಿ, ನೇರ ಬಾಯಿ ಎದುರು ಬೇಡ, ಚೂರು ಓರೆಯಾಗಿ. ಪ, ಬ ಅನ್ನುವಾಗ ಗಾಳಿ ಬಡಿಯುವುದು ತಪ್ಪುತ್ತದೆ. ಎಂಬ್ರಾಯ್ಡರಿ ರಿಂಗಿಗೆ ತೆಳುವಾದ ಬಟ್ಟೆ ಕಟ್ಟಿ ನಡುವೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಕೆಲಸ ಮುಗಿದ ಮೇಲೆ ಮೈಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿಡಿ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಬರುತ್ತದೆ, ಮೈಕಿನ ಪೊರೆಯನ್ನು ಬಿಡುತ್ತದಾ?

ಹಾಡುವಾಗ

ಸೆಟ್ಟಿಂಗ್ 44,100 ಹರ್ಟ್ಜ್, 16 ಬಿಟ್, ಮೋನೋ. ಲೆವೆಲ್ ಎಷ್ಟು ಜೋರಾಗಿ ಹಾಡಿದರೂ ಮೈನಸ್ 6 ಡೆಸಿಬೆಲ್ ದಾಟದಿರಲಿ. ಓರೆಮೋ ಅಥವಾ ರೆಕ್‌ಸ್ಟಾರ್ ಎಂಬ ಉಚಿತ ರೆಕಾರ್ಡರ್ ಹಾಕಿಕೊಂಡರೆ ನಿಮ್ಮ ಪಟ್ಟಿಯನ್ನು ಸಾಲು ಸಾಲಾಗಿ ತೋರಿಸಿ, ಪ್ರತಿ ಸಾಲನ್ನೂ ತಾನೇ ಹೆಸರು ಕೊಟ್ಟು ಉಳಿಸುತ್ತದೆ.

ಶ್ರುತಿ ಒಂದೇ ಇರಬೇಕು. ನೀವು ಆರಾಮವಾಗಿ ಮಾತಾಡುವ ಎತ್ತರಕ್ಕಿಂತ ಸ್ವಲ್ಪ ಮೇಲೆ, ಹಾಡಿಗೆ ಸುಲಭವಾಗಿ ಸಿಗುವ ಒಂದು ಸ್ವರ ಹಿಡಿಯಿರಿ. ಹೆಣ್ಣು ದನಿಗೆ 220 ಹರ್ಟ್ಜ್‌ನ ಎ (A) ಇಂದ 262ರ ಸಿ (C) ನಡುವೆ ಎಲ್ಲೋ ಒಂದು ಕಡೆ ಸಾಮಾನ್ಯವಾಗಿ ಒಗ್ಗುತ್ತದೆ, ಗಂಡು ದನಿಗೆ ಅದರ ಅರ್ಧ, ಅಂದರೆ ಒಂದು ಸ್ಥಾಯಿ ಕೆಳಗೆ. ತಂಬೂರಿ ಆ್ಯಪನ್ನು ಆ ಶ್ರುತಿಗೆ ಇಟ್ಟು ಹೆಡ್‌ಫೋನಿನಲ್ಲಿ ಕೇಳುತ್ತಾ ಹಾಡಿ. ಸ್ಪೀಕರ್‌ನಲ್ಲಿ ಹಾಕಿದರೆ ತಂಬೂರಿಯೂ ನಿಮ್ಮ ಬ್ಯಾಂಕ್ ಸೇರುತ್ತದೆ. ಸಂಗೀತ ಕಲಿತವರಿಗೆ ಒಂದು ಮಾತು: ಗಮಕ ಬೇಡ, ಅಲುಗಾಟ ಬೇಡ, ಭಾವವೂ ಬೇಡ. ಸ್ವರ ಗೆರೆ ಎಳೆದ ಹಾಗೆ ನೇರ ಇರಬೇಕು. ಕಂಪನ, ಜಾರು ಎಲ್ಲವನ್ನೂ ಆಮೇಲೆ ಸಾಫ್ಟ್‌ವೇರ್‌ನಲ್ಲಿ ಬರೆಯಬಹುದು, ರೆಕಾರ್ಡಿಂಗಿನಲ್ಲಿ ಬಂದದ್ದನ್ನು ಅಳಿಸಲಾಗದು.

ತಾಳಕ್ಕೆ ಮೆಟ್ರೋನೋಮ್ 100ಕ್ಕೆ ಇಡಿ, ಒಂದು ಬಡಿತಕ್ಕೆ ಒಂದು ಅಕ್ಷರ. ಅಂದರೆ ಪ್ರತಿ ಅಕ್ಷರಕ್ಕೂ 0.6 ಸೆಕೆಂಡ್. ಅಕ್ಷರಗಳ ನಡುವೆ ದನಿ ನಿಲ್ಲಿಸಬೇಡಿ. ಏಳು ಅಕ್ಷರಕ್ಕೆ 4.2 ಸೆಕೆಂಡ್, 21 ಸಾಲು ಸೇರಿಸಿದರೂ ಒಂದೂವರೆ ನಿಮಿಷ ದಾಟುವುದಿಲ್ಲ! ಹಾಗಂತ ಅಷ್ಟರಲ್ಲಿ ಮುಗಿಯುತ್ತದೆ ಅಂದುಕೊಳ್ಳಬೇಡಿ, ಒಂದೊಂದು ಸಾಲನ್ನೂ ಐದಾರು ಸಲ ಹಾಡಿ ಒಳ್ಳೆಯದನ್ನು ಆರಿಸಬೇಕಾಗುತ್ತದೆ. ಆದರೂ 21 ಸಾಲನ್ನು ಒಂದೇ ದಿನ, ಒಂದೇ ಕೂತಲ್ಲಿ ಮುಗಿಸಿ. ನಿನ್ನೆಯ ದನಿ ಮತ್ತು ಇವತ್ತಿನ ದನಿ ಪಕ್ಕ ಪಕ್ಕ ಇಟ್ಟರೆ ಹಾಡಿನ ನಡುವೆ ಇಬ್ಬರು ಹಾಡಿದ ಹಾಗೆ ಕೇಳುತ್ತದೆ.

ಚಳಿಗೆ ಗಂಟಲು ಬಿಗಿದಿರುತ್ತದೆ, ಮೊದಲು ಸರಳೆ ವರಸೆ ಹಾಡಿ ಸಡಿಲ ಮಾಡಿಕೊಳ್ಳಿ. ಬಿಸಿನೀರು ಕುಡಿಯಿರಿ. ಕೊಡಗಿನವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹಾಲು ಹಾಕಿದ ಕಾಫಿ ರೆಕಾರ್ಡಿಂಗ್ ಮುಗಿದ ಮೇಲೆ. ಬಾಯಿ ಅಂಟಂಟಾಗಿ ಚಪ್ ಚಪ್ ಸದ್ದು ಪ್ರತಿ ಅಕ್ಷರಕ್ಕೂ ಮೈಕಿಗೆ ಬೀಳುತ್ತದೆ.

ರೆಕಾರ್ಡ್ ಆದ ಮೇಲೆ ಎಕೋ, ರಿವರ್ಬ್, ಆಟೋಟ್ಯೂನ್ ಏನೂ ಹಾಕಬೇಡಿ. ನಾಯ್ಸ್ ರಿಮೂವಲ್ ಕೂಡ ಆದಷ್ಟು ಕಮ್ಮಿ. ಸಾಫ್ಟ್‌ವೇರ್ ನಿಮ್ಮ ಅರ್ಧ ಸೆಕೆಂಡಿನ 'ಆ' ಸದ್ದನ್ನು ಮೂರು ಸೆಕೆಂಡಿಗೆ ಎಳೆಯುವಾಗ ಇವೆಲ್ಲ ಅದರೊಳಗೆ ಬಿಟ್ಟ ಕಲೆಯನ್ನೂ ಎಳೆಯುತ್ತದೆ, ದನಿ ತಗಡಿನ ಹಾಗೆ ಕೇಳುತ್ತದೆ. 70 ಹರ್ಟ್ಜ್‌ಗಿಂತ ಕೆಳಗಿನ ಗುಡುಗುಡು ಸದ್ದನ್ನು ಹೈಪಾಸ್ ಫಿಲ್ಟರ್‌ನಿಂದ ತೆಗೆಯಬಹುದು, ಅಷ್ಟು ಸಾಕು.

ಫೈಲ್ ಹೆಸರುಗಳನ್ನು ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಇಡಿ. ಲ ಗೆ ಸಣ್ಣ ಎಲ್, ಳ ಗೆ ದೊಡ್ಡ ಎಲ್ ಅಂತ ಮಾಡಿದರೆ ವಿಂಡೋಸ್‌ಗೆ ಎರಡೂ ಒಂದೇ ಹೆಸರು, ಒಂದರ ಮೇಲೊಂದು ಬರೆದು ಹೋಗುತ್ತದೆ. ಳ ಗೆ ಎಲ್ ಎರಡು ಸಲ, ಣ ಗೆ ಎನ್ ಎರಡು ಸಲ ಹಾಕಿ.

ಓಟೋ: ತಾಳ್ಮೆ ಬೇಕಾದ ಭಾಗ

ಯಾವ ಫೈಲಿನಲ್ಲಿ ಯಾವ ತುಣುಕು ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ಸಾಫ್ಟ್‌ವೇರ್‌ಗೆ ಹೇಳುವ ಪಟ್ಟಿಯೇ ಓಟೋ ಫೈಲ್. ಒಂದೊಂದು ತುಣುಕಿಗೂ ಒಂದು ಹೆಸರು, ಅದಕ್ಕೆ ಅಲಿಯಾಸ್ ಅನ್ನುತ್ತಾರೆ, ಜೊತೆಗೆ ಮಿಲಿಸೆಕೆಂಡಿನಲ್ಲಿ ಐದು ಸಂಖ್ಯೆ. ವಿಲೇಬಲರ್ ಅಥವಾ ಸೆಟ್‌ಪ್ಯಾರಮ್ ಬಳಸಿದರೆ ಅಲೆಯ ಚಿತ್ರದ ಮೇಲೆ ಗೆರೆ ಎಳೆದು ಗುರುತು ಹಾಕಬಹುದು, ಓಪನ್‌ಉಟಾವು ಒಳಗೂ ತಿದ್ದಬಹುದು.

ಮ ಸಾಲಿನ 'ಮಾ' ತೆಗೆದುಕೊಳ್ಳಿ. ಆಫ್‌ಸೆಟ್ ಅಂದರೆ ತುಣುಕು ಶುರುವಾಗುವ ಜಾಗ, ಮ್ ಅಂತ ತುಟಿ ಮುಚ್ಚಿದ ಕ್ಷಣ. ಪ್ರೀಅಟರೆನ್ಸ್ ಅಂದರೆ ತುಟಿ ಬಿಟ್ಟು 'ಆ' ಶುರುವಾಗುವ ಜಾಗ. ತಾಳದ ಪೆಟ್ಟು ಬೀಳುವುದು ಇಲ್ಲಿಗೆ, ಹಾಗಾಗಿ ಇದು ತಪ್ಪಿದರೆ ಹಾಡೆಲ್ಲ ತಾಳ ತಪ್ಪಿದ ಹಾಗೆ ಕೇಳುತ್ತದೆ. ಕಾನ್ಸೊನೆಂಟ್ ಗೆರೆಯನ್ನು 'ಆ' ಸದ್ದು ಪೂರ್ತಿ ನೆಲೆಯಾದ ಮೇಲೆ ಎಳೆಯಿರಿ, ಅಲ್ಲಿಯವರೆಗಿನ ಭಾಗವನ್ನು ಸಾಫ್ಟ್‌ವೇರ್ ಎಳೆಯುವುದಿಲ್ಲ. ಕಟ್‌ಆಫ್ ತುಣುಕು ಮುಗಿಯುವ ಜಾಗ, ಮುಂದಿನ 'ಮಿ'ಗೆ ತುಟಿ ಮುಚ್ಚಲು ಶುರುವಾಗುವ ಮೊದಲೇ ಇರಲಿ. ಈ ಸಂಖ್ಯೆ ಮೈನಸ್ ಇದ್ದರೆ ಆಫ್‌ಸೆಟ್‌ನಿಂದ ಲೆಕ್ಕ, ಪ್ಲಸ್ ಇದ್ದರೆ ಫೈಲಿನ ಕೊನೆಯಿಂದ ಲೆಕ್ಕ. ನಾನು ಯಾವಾಗಲೂ ಮೈನಸ್ಸೇ ಇಡುತ್ತೇನೆ, ಫೈಲಿನ ಬಾಲ ಕತ್ತರಿಸಿದರೂ ಕೆಡುವುದಿಲ್ಲ. ಕೊನೆಯದು ಓವರ್‌ಲ್ಯಾಪ್, ಹಿಂದಿನ ಅಕ್ಷರದ ಜೊತೆ ಎಷ್ಟು ಬೆರೆಯಬೇಕು ಅನ್ನುವುದು. ಮ, ನ, ಲ, ವ ಗಳಿಗೆ ಪ್ರೀಅಟರೆನ್ಸ್‌ನ ಮೂರನೇ ಒಂದು ಭಾಗದಿಂದ ಅರ್ಧದವರೆಗೆ. ಕ, ಟ, ಪ ಗಳಿಗೆ ಸ್ಫೋಟಕ್ಕೆ ಮುಂಚಿನ ಮೌನದಲ್ಲೇ ಮುಗಿದುಬಿಡಬೇಕು, ಇಲ್ಲದಿದ್ದರೆ ಕ ಮೆತ್ತಗಾಗಿ ಗ ಹಾಗೆ ಕೇಳುತ್ತದೆ.

'ಆ ಮ್' ತುಣುಕಿಗೆ ಆಫ್‌ಸೆಟ್ 'ಆ' ಸದ್ದಿನ ನಡುವೆ, ಪ್ರೀಅಟರೆನ್ಸ್ ತುಟಿ ಮುಚ್ಚುವಲ್ಲಿ, ಕಟ್‌ಆಫ್ ಇ ಶುರುವಾಗುವ ಮೊದಲು. ಳ, ಣ, ಟ, ಡ ಸಾಲುಗಳ ವಿಸಿಯಲ್ಲಿ ಆಫ್‌ಸೆಟ್ಟನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಇಡಿ, ಸ್ವರದ ಬಣ್ಣ ಬದಲಾಗುವ ಭಾಗ ಪೂರ್ತಿ ಒಳಗೆ ಬರಬೇಕು. ಇಷ್ಟು ಕಷ್ಟ ಪಟ್ಟಿದ್ದೇ ಅದಕ್ಕೆ ಅಲ್ವಾ.

ಮೆಟ್ರೋನೋಮ್‌ಗೆ ಹಾಡಿದ್ದರ ಲಾಭ ಇಲ್ಲಿ ಸಿಗುತ್ತದೆ. ಅಕ್ಷರಗಳು 600 ಮಿಲಿಸೆಕೆಂಡಿಗೊಂದು ಇರುವುದರಿಂದ ಒಂದು ಸಾಲಿನ ಓಟೋ ಸರಿ ಮಾಡಿ, ಅದನ್ನೇ ಉಳಿದ 20 ಸಾಲಿಗೂ ನಕಲು ಮಾಡಿ, ಆಮೇಲೆ ಒಂದೊಂದನ್ನೇ ಕೇಳುತ್ತಾ ಚೂರು ಚೂರು ಸರಿಸಿದರೆ ಆಯಿತು. 252 ತುಣುಕನ್ನು ಸೊನ್ನೆಯಿಂದ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ.

ಅಲಿಯಾಸನ್ನು ಕನ್ನಡ ಲಿಪಿಯಲ್ಲೇ ಕೊಡಬಹುದು. ಓಟೋ ಫೈಲನ್ನು ಯುಟಿಎಫ್-8ನಲ್ಲಿ ಉಳಿಸಿ, ಓಪನ್‌ಉಟಾವು ಸಿಂಗರ್ ಸೆಟ್ಟಿಂಗಿನಲ್ಲೂ ಅದನ್ನೇ ಆರಿಸಿ. ಒಂದು ಎಚ್ಚರಿಕೆ: 'ಕೊ' ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಚಿಹ್ನೆ ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ. ಓಟೋ ಬರೆದ ಕೀಬೋರ್ಡ್ ಒಂದು, ಸಾಹಿತ್ಯ ಬರೆದ ಕೀಬೋರ್ಡ್ ಇನ್ನೊಂದು ಆದರೆ ಕೊ ಬರುವಲ್ಲೆಲ್ಲ ದನಿ ಮಾಯ. ಎರಡಕ್ಕೂ ಒಂದೇ ಕೀಬೋರ್ಡ್ ಬಳಸಿ.

ಹಾಡಿಸಿ ನೋಡುವುದು

ಓಪನ್‌ಉಟಾವುನಲ್ಲಿ ಫೋನೆಮೈಜರ್ (ಸಾಹಿತ್ಯಕ್ಕೆ ತಕ್ಕ ತುಣುಕು ಆರಿಸುವ ಭಾಗ) ಅಂತ ಇರುವಲ್ಲಿ ಡಿಫಾಲ್ಟ್ ಆರಿಸಿದರೆ ನೀವು ನೋಟ್ ಮೇಲೆ ಬರೆದ ಅಕ್ಷರವನ್ನೇ ಅಲಿಯಾಸ್ ಅಂತ ಹುಡುಕುತ್ತದೆ. ವಿಸಿ ತುಣುಕುಗಳನ್ನು ಅಕ್ಷರಗಳ ನಡುವೆ ಪುಟ್ಟ ನೋಟ್ ಆಗಿ ನೀವೇ ಇಡಬೇಕು. ಬೇಜಾರಿನ ಕೆಲಸ, ನಿಜ. ಸಿ ಶಾರ್ಪ್ ಪ್ರೋಗ್ರಾಮಿಂಗ್ ಗೊತ್ತಿದ್ದವರು ಇದನ್ನು ತಾನೇ ಮಾಡುವ ಫೋನೆಮೈಜರ್ ಬರೆಯಬಹುದು. ಮೊದಲ ಪರೀಕ್ಷೆಗೆ ದೊಡ್ಡ ಹಾಡು ಬೇಡ. 'ಮನೆ ಮಣೆ ಬಲೆ ಬಳೆ' ಅಂತ ನಾಲ್ಕು ಪದ ಹಾಡಿಸಿ, ಪದ ಹೇಳದೆ ಮನೆಯವರಿಗೆ ಕೇಳಿಸಿ. ಅವರು ನಾಲ್ಕನ್ನೂ ಸರಿಯಾಗಿ ಹೇಳಿದರೆ ಮುಂದಕ್ಕೆ ಹೋಗಿ, ಇಲ್ಲದಿದ್ದರೆ ಆ ಸಾಲುಗಳ ಓಟೋ ಮತ್ತೆ ನೋಡಿ.

ಹಂಚುವ ಯೋಚನೆ ಇದ್ದರೆ ಫೋಲ್ಡರ್ ಒಳಗೆ ವಾಯ್ಸ್‌ಬ್ಯಾಂಕಿನ ಹೆಸರು ಮತ್ತು ಚಿತ್ರ ಹೇಳುವ ಕ್ಯಾರೆಕ್ಟರ್ ಫೈಲ್, ಜೊತೆಗೆ ಒಂದು ರೀಡ್‌ಮಿ ಇಡಿ. ರೀಡ್‌ಮಿಯಲ್ಲಿ ನಿಮ್ಮ ದನಿಯನ್ನು ಯಾರು ಯಾವುದಕ್ಕೆ ಬಳಸಬಹುದು, ಹಣ ಮಾಡಲು ಬಳಸಬಹುದಾ, ಜಾಹೀರಾತಿಗೆ, ರಾಜಕೀಯಕ್ಕೆ, ಎಐ ತರಬೇತಿಗೆ ಬಳಸಬಹುದಾ ಎಲ್ಲವನ್ನೂ ಸ್ಪಷ್ಟವಾಗಿ ಬರೆಯಿರಿ. ನಿಮ್ಮ ನಿಜವಾದ ಹೆಸರು, ಫೋನ್ ನಂಬರ್, ಮನೆ ವಿಳಾಸ ಬೇಡ, ಒಂದು ಅಡ್ಡಹೆಸರು ಸಾಕು. ಅಜ್ಜಿಯದ್ದೋ ತಂಗಿಯದ್ದೋ ದನಿ ರೆಕಾರ್ಡ್ ಮಾಡಿದ್ದರೆ ಅವರಿಗೆ ಇದೆಲ್ಲ ಬಿಡಿಸಿ ಹೇಳಿ, ಅವರು ಹ್ಞೂಂ ಅಂದ ಮೇಲಷ್ಟೇ ಅಪ್‌ಲೋಡ್ ಮಾಡಿ. ಮಹಾಪ್ರಾಣದ ಹತ್ತು ಸಾಲುಗಳಿಗೆ ಕೂರುವಾಗ ಮೈಕ್ ದೂರ, ಶ್ರುತಿ, ತಾಳ, ರೂಮು ಎಲ್ಲ ಮೊದಲಿನದ್ದೇ ಇರಲಿ, ಹಾಗಾಗಿ ಅವನ್ನೂ ಅದೇ ರೀಡ್‌ಮಿಯ ಕೊನೆಯಲ್ಲಿ ಬರೆದಿಟ್ಟುಕೊಳ್ಳಿ.